ಐಸಿಎಂಆರ್‌ನಿಂದ ಏನು ಪಡೆಯಬಹುದು, ಯಾರಿಗೆ ಯಾವುದು? ಕಲಬುರಗಿ ಕಡೆಯ ವಿದ್ಯಾರ್ಥಿಗಳಿಗೆ ಒಂದು ಹೋಲಿಕೆ

"ಸರ, ಐಸಿಎಂಆರ್‌ದಾಗ ಏನರ ಮಾಡಬೇಕಂತೀನ್ರಿ. ಯಾವುದಕ್ಕ ಹಾಕ್ಲಿ?"

ಪ್ರತಿ ವರ್ಷ ಒಬ್ಬರಾದರೂ ಈ ಪ್ರಶ್ನೆ ಹೊತ್ತು ನಮ್ಮ ವಿಭಾಗದ ಬಾಗಿಲಿಗೆ ಬರುತ್ತಾರೆ. ಈ ಸಲ ಬಂದವಳು ಎರಡನೇ ವರ್ಷದ ಎಂಬಿಬಿಎಸ್ ಹುಡುಗಿ, ಶಹಾಬಾದ್ ಕಡೆಯವಳು. ಕೈಯಲ್ಲಿ ಏಳೆಂಟು ಹೆಸರುಗಳ ಪಟ್ಟಿ. ಎಸ್‌ಟಿಎಸ್, ಬಿಸಿಬಿಆರ್, ಎನ್‌ಐಎಚ್, ಎನ್‌ಐಎನ್, ಇನ್ನೂ ಏನೇನೋ. ಯಾರೋ ಸೀನಿಯರ್ ಬರೆದುಕೊಟ್ಟಿದ್ದರಂತೆ. ಪಟ್ಟಿಯಲ್ಲಿ ಕೋರ್ಸು, ಸ್ಟೈಪೆಂಡು, ವೆಬ್‌ಸೈಟು, ಊರು ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿದ್ದವು. ಜೋಳ, ತೊಗರಿ, ಗೊಬ್ಬರ, ಟ್ರ್ಯಾಕ್ಟರ್ ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಿದ ಹಾಗೆ.

ನಾನು ಅವಳನ್ನು ಕೇಳಿದ್ದು ಒಂದೇ ಮಾತು. "ತಂಗಿ, ನಿನ್ನ ಹತ್ರ ಏನಿಲ್ಲ, ಅದನ್ನ ಹೇಳು." ಸಂಶೋಧನೆ ಮಾಡುವ ರೀತಿ ಗೊತ್ತಿಲ್ಲವೋ? ರೊಕ್ಕ ಇಲ್ಲವೋ? ಓದಲು ಪೇಪರ್ ಸಿಗುತ್ತಿಲ್ಲವೋ? ಗೈಡ್ ಇಲ್ಲವೋ? ಲ್ಯಾಬ್ ಇಲ್ಲವೋ? ಇಲ್ಲದ್ದು ಯಾವುದೆಂದು ತಿಳಿದರೆ ಆಯ್ಕೆ ಅರ್ಧ ಮುಗಿದ ಹಾಗೆ. ದೊಡ್ಡ ಹೆಸರು ನೋಡಿ ಹೊರಟರೆ ಸುಮ್ನೆ ಅಲೆದಾಟ. ಈ ಬರಹವೂ ಅದೇ ದಾರಿಯಲ್ಲಿ ಹೋಗುತ್ತದೆ.

ಹೊಸಬರಿಗೆ ಎರಡು ಸಾಲು. ಐಸಿಎಂಆರ್ ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. 1911ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ, 1949ರಲ್ಲಿ ಈಗಿನ ಹೆಸರು ಪಡೆಯಿತು. ಕೇಂದ್ರ ಕಚೇರಿ ದೆಹಲಿಯಲ್ಲಿದೆ, ಸಂಸ್ಥೆಗಳು ದೇಶದ ತುಂಬ ಹರಡಿವೆ. ಅಮೆರಿಕದಲ್ಲಿ ಇಂಥದೇ ಕೆಲಸ ಮಾಡುವ ಸರ್ಕಾರಿ ಸಂಸ್ಥೆ ಎನ್‌ಐಎಚ್. ಅದರಲ್ಲಿ 27 ಸಂಸ್ಥೆ ಮತ್ತು ಕೇಂದ್ರಗಳಿವೆ. ಅದನ್ನು ಇಲ್ಲಿ ಯಾಕೆ ತಂದೆ ಅಂದರೆ, ಅದರ ಎಷ್ಟೋ ಸೌಲಭ್ಯಗಳು ಚಿತ್ತಾಪುರದಲ್ಲಿ ಕೂತವರಿಗೂ ಪುಕ್ಕಟೆ ಸಿಗುತ್ತವೆ.

ಕಲಿಕೆ ಇಲ್ಲದಿದ್ದರೆ: ಚೆನ್ನೈ ಕೋರ್ಸೋ, ಅಮೆರಿಕದ ಕೋರ್ಸೋ?

ಐಸಿಎಂಆರ್‌ನ ಚೆನ್ನೈ ಸಂಸ್ಥೆ ಎನ್‌ಐಇ, ಅಂದರೆ ರಾಷ್ಟ್ರೀಯ ಸೋಂಕುಶಾಸ್ತ್ರ ಸಂಸ್ಥೆ. ಸಂಶೋಧನಾ ವಿಧಾನ ಕಲಿಸುವುದರಲ್ಲಿ ಇವರದು ಪಳಗಿದ ಕೈ. ಇವರ ಆನ್‌ಲೈನ್ ಕೋರ್ಸ್ ಬಿಸಿಬಿಆರ್, ಅಂದರೆ ಬಯೋಮೆಡಿಕಲ್ ಸಂಶೋಧನೆಯ ಮೂಲ ಕೋರ್ಸ್. ಎಂಡಿ, ಎಂಎಸ್ ಪಿಜಿಗಳಿಗೆ ಇದು ಕಡ್ಡಾಯ. ಹಾಗಾಗಿ ಪಿಜಿಗಳೇ, ನಿಮಗೆ ಇಲ್ಲಿ ಆಯ್ಕೆಯ ಮಾತೇ ಇಲ್ಲ. ಮೊದಲ ವರ್ಷದಲ್ಲೇ ಮುಗಿಸಿಬಿಡಿ. ಪಾಠ ನೋಡಲು ದುಡ್ಡು ಕೊಡಬೇಕಿಲ್ಲ, ಪರೀಕ್ಷೆಗೆ ಶುಲ್ಕ ಇದೆ. ಪ್ರಶ್ನೆ ರೂಪಿಸುವುದು, ಅಧ್ಯಯನದ ಬಗೆಗಳು, ಸ್ಯಾಂಪಲ್ ಸೈಜ್, ಎಥಿಕ್ಸ್, ಪ್ರೊಟೊಕಾಲ್ ಬರೆಯುವುದು ಇವೆಲ್ಲ ಇವೆ. ವಿಡಿಯೋಗಳು ಚಿಕ್ಕವು, ಉದಾಹರಣೆಗಳು ನಮ್ಮ ದೇಶದವು.

ಎನ್‌ಐಎಚ್‌ನ ಕ್ಲಿನಿಕಲ್ ಸೆಂಟರ್ ನಡೆಸುವ ಐಪಿಪಿಸಿಆರ್ ಕೋರ್ಸ್ ಇದಕ್ಕಿಂತ ಉದ್ದ, ಇದಕ್ಕಿಂತ ಆಳ. ಅದೂ ಪುಕ್ಕಟೆ. ಡ್ರಗ್ ಟ್ರಯಲ್ ಹೇಗೆ ನಡೆಯುತ್ತದೆ, ಸುರಕ್ಷತೆಯ ಮೇಲೆ ಹೇಗೆ ಕಣ್ಣಿಡುತ್ತಾರೆ ಎಂಬುದನ್ನು ಅಲ್ಲಿ ಬಿಡಿಸಿ ಹೇಳುತ್ತಾರೆ. ಆದರೆ ಒಂದು ತೊಂದರೆ. ಕಾನೂನಿನ ಭಾಗ ಪೂರ್ತಿ ಅಮೆರಿಕದ್ದು. ಔಷಧಿಗಳ ಮೇಲೆ ನಿಯಂತ್ರಣ ಇಡುವ ಸರ್ಕಾರಿ ಸಂಸ್ಥೆ ಅಲ್ಲಿ ಎಫ್‌ಡಿಎ, ಇಲ್ಲಿ ಸಿಡಿಎಸ್‌ಸಿಒ. ಅಲ್ಲಿನ ಎಥಿಕ್ಸ್ ನಿಯಮ ಕಲಿತು ಬಂದು ನಮ್ಮ ಕಾಲೇಜಿನ ಎಥಿಕ್ಸ್ ಕಮಿಟಿ, ಅಂದರೆ ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಮುಂದೆ ಹೇಳಿದರೆ ಅವರು ಐಸಿಎಂಆರ್‌ನ 2017ರ ಮಾರ್ಗಸೂಚಿ ತೆಗೆದು ಮುಂದಿಡುತ್ತಾರೆ.

ನನ್ನ ಅಭಿಪ್ರಾಯ: ಮೊದಲು ಚೆನ್ನೈ, ಆಮೇಲೆ ಬೇಕಾದರೆ ಅಮೆರಿಕ. ಫಾರ್ಮಾ ಕಂಪನಿಯಲ್ಲಿ ಕ್ಲಿನಿಕಲ್ ರಿಸರ್ಚ್ ಕೆಲಸ ಹುಡುಕುವ ಬಿ.ಫಾರ್ಮ, ಎಂ.ಫಾರ್ಮದವರು ಮಾತ್ರ ಐಪಿಪಿಸಿಆರ್ ಅನ್ನೂ ಬಿಡಬೇಡಿ. ಮತ್ತೆ, ಕನ್ನಡ ಮೀಡಿಯಂನಿಂದ ಬಂದು ಇಂಗ್ಲಿಷ್ ಪಾಠಕ್ಕೆ ಹೆದರುವವರು ಬಿಸಿಬಿಆರ್ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ. ಎರಡನೇ ಸಲಕ್ಕೆ ಹಿಡಿತ ಸಿಗುತ್ತದೆ. ನನಗೂ ಎರಡನೇ ಸಲಕ್ಕೇ ಸಿಕ್ಕಿದ್ದು.

ರೊಕ್ಕ ಇಲ್ಲದಿದ್ದರೆ: ಎಸ್‌ಟಿಎಸ್ ಮತ್ತು ಉಳಿದವು

ಎಂಬಿಬಿಎಸ್, ಬಿಡಿಎಸ್ ಮಕ್ಕಳ ಬಾಯಲ್ಲಿ ಜಾಸ್ತಿ ಓಡಾಡುವ ಹೆಸರು ಎಸ್‌ಟಿಎಸ್, ಅಂದರೆ ಐಸಿಎಂಆರ್‌ನ ಅಲ್ಪಾವಧಿ ವಿದ್ಯಾರ್ಥಿವೇತನ. 1979ರಿಂದ ಇದೆ. ಎರಡು ತಿಂಗಳ ಒಂದು ಪುಟ್ಟ ಸಂಶೋಧನೆ. ನಿಮ್ಮದೇ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಗೈಡ್ ಆಗಬೇಕು. ನೀವು ಪ್ರಪೋಸಲ್ ಬರೆದು ಆನ್‌ಲೈನಿನಲ್ಲಿ ಹಾಕಬೇಕು. ಆಯ್ಕೆಯಾದರೆ ಕೆಲಸ ಮುಗಿಸಿ ವರದಿ ಕಳಿಸಬೇಕು. ವರದಿ ಒಪ್ಪಿಗೆಯಾದ ಮೇಲೆ ಸ್ಟೈಪೆಂಡ್ ಮತ್ತು ಸರ್ಟಿಫಿಕೇಟ್. ಇಂಟರ್ನ್‌ಗಳಿಗೆ, ಪಿಜಿಗಳಿಗೆ ಇದು ಇಲ್ಲ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ದುಡ್ಡು ಬರುವುದು ಕೊನೆಗೆ. ಕಿಟ್, ರೀಏಜೆಂಟ್, ಹಳ್ಳಿಗೆ ಓಡಾಡುವ ಬಸ್ ಚಾರ್ಜ್ ಇವಕ್ಕೆ ಬೇರೆ ದುಡ್ಡು ಕೊಡುವುದಿಲ್ಲ. ಆದ್ದರಿಂದ ಎಸ್‌ಟಿಎಸ್‌ಗೆ ಪ್ರಶ್ನೆ ಆರಿಸುವಾಗಲೇ ಖರ್ಚಿಲ್ಲದ ಪ್ರಶ್ನೆ ಆರಿಸಬೇಕು. ಆಸ್ಪತ್ರೆಯ ಹಳೆ ದಾಖಲೆ ನೋಡುವುದು, ಪ್ರಶ್ನಾವಳಿ ಹಿಡಿದು ಓಪಿಡಿಯಲ್ಲಿ ಕೂರುವುದು, ಲ್ಯಾಬಿಗೆ ಹೇಗೂ ಬರುವ ಸ್ಯಾಂಪಲ್‌ಗಳ ಫಲಿತಾಂಶ ಕೂಡಿಸುವುದು. "ಪಿಸಿಆರ್ ಮಾಡ್ತೀನ್ರಿ ಸರ" ಎಂದು ಬಂದವರನ್ನು ನಾನು ಕೂರಿಸಿ, ಒಂದು ರಿಯಾಕ್ಷನ್‌ಗೆ ಎಷ್ಟು ಬೀಳುತ್ತದೆ ಎಂದು ಅವರ ಕೈಯಲ್ಲೇ ಲೆಕ್ಕ ಹಾಕಿಸುತ್ತೇನೆ. ಆಮೇಲೆ ಅವರೇ ಪ್ರಶ್ನೆ ಬದಲಿಸುತ್ತಾರೆ.

ಇನ್ನೊಂದು ಎಡವು ನನ್ನದೇ. ನಾನು ಓದುವಾಗ ನನ್ನ ಪ್ರಪೋಸಲ್ ಆಯ್ಕೆಯಾಗಿತ್ತು. ಮನೆಯಲ್ಲಿ ಎಲ್ಲರಿಗೂ ಹೇಳಿಯೂ ಆಗಿತ್ತು. ಆದರೆ ನಮ್ಮ ಕಾಲೇಜಿನ ಎಥಿಕ್ಸ್ ಕಮಿಟಿ ಸಭೆ ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಹೋಯಿತು. ಒಪ್ಪಿಗೆ ಇಲ್ಲದೆ ರೋಗಿಯನ್ನು ಮಾತಾಡಿಸುವ ಹಾಗಿಲ್ಲ. ಸಭೆ ನಡೆಯುವಷ್ಟರಲ್ಲಿ ವರದಿ ಕಳಿಸುವ ದಿನ ಮುಗಿದಿತ್ತು. ಆ ಪ್ರಪೋಸಲ್ ಈಗಲೂ ನನ್ನ ಟ್ರಂಕಿನಲ್ಲಿದೆ. ಅವತ್ತಿನಿಂದ ನಾನು ಮಕ್ಕಳಿಗೆ ಮೊದಲು ಕೇಳಿಸುವುದು ಗೈಡ್ ಹೆಸರಲ್ಲ, ಎಥಿಕ್ಸ್ ಕಮಿಟಿಯ ಮುಂದಿನ ಸಭೆಯ ದಿನಾಂಕ.

ಎಸ್‌ಟಿಎಸ್ ಸಿಗದಿದ್ದರೆ? ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದವರೂ ಪದವಿ ವಿದ್ಯಾರ್ಥಿಗಳಿಗೆ ಸಂಶೋಧನಾ ಅನುದಾನ ಕೊಡುತ್ತಾರೆ. ಅಲ್ಲಿ ಪೈಪೋಟಿ ರಾಜ್ಯದೊಳಗೆ, ಇಲ್ಲಿ ಇಡೀ ದೇಶದ ಜೊತೆ. ಹೆಸರು ಐಸಿಎಂಆರ್‌ಗೆ ಜಾಸ್ತಿ, ನಿಜ. ಆದರೆ ಕಲಿಕೆ ಎರಡರಲ್ಲೂ ಒಂದೇ. ಒಳ್ಳೆಯ ಪ್ರಪೋಸಲ್ ಒಂದಿದ್ದರೆ ಒಂದು ಕಡೆ ಆಗದಿದ್ದಾಗ ಅದನ್ನೇ ತಿದ್ದಿ ಇನ್ನೊಂದು ಕಡೆ ಹಾಕಬಹುದು. ಅಂದ ಹಾಗೆ, ನಮ್ಮ ಭಾಗದವರು ಎಲ್ಲದಕ್ಕೂ ಈ ಭಾಗದ ಮೀಸಲಾತಿಯ 371(ಜೆ) ಸರ್ಟಿಫಿಕೇಟ್ ಲಗತ್ತಿಸುತ್ತಾರೆ. ಐಸಿಎಂಆರ್ ಕೇಂದ್ರದ ಸಂಸ್ಥೆ. ಅಲ್ಲಿ ಅದು ನಡೆಯುವುದಿಲ್ಲ.

ಎಂಎಸ್ಸಿ ಮುಗಿಸಿದವರಿಗೆ ದಾರಿಯೇ ಬೇರೆ. ಗುಲ್ಬರ್ಗಾ ವಿಶ್ವವಿದ್ಯಾಲಯದಲ್ಲೋ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೋ ಜೀವವಿಜ್ಞಾನ ಓದಿದವರಿಗೆ ಬೇಕಾದದ್ದು ಜೆಆರ್‌ಎಫ್, ಅಂದರೆ ಪಿಎಚ್‌ಡಿ ಮಾಡುವವರಿಗೆ ಸಿಗುವ ತಿಂಗಳ ಫೆಲೋಶಿಪ್. 2023ರ ಜನವರಿಯಿಂದ ಜೆಆರ್‌ಎಫ್‌ಗೆ ತಿಂಗಳಿಗೆ 37,000, ಅದರ ಮುಂದಿನ ಹಂತವಾದ ಎಸ್‌ಆರ್‌ಎಫ್‌ಗೆ 42,000 ರೂಪಾಯಿ. ಮನೆ ಬಾಡಿಗೆ ಭತ್ಯೆ ಬೇರೆ. ಆ ಭತ್ಯೆ ಊರಿನ ಮೇಲೆ ಹೋಗುತ್ತದೆ. ಬೆಂಗಳೂರು, ಹೈದರಾಬಾದ್ ಎಕ್ಸ್ ದರ್ಜೆ, ಕಲಬುರಗಿ ವೈ ದರ್ಜೆ, ಬೀದರ್, ಯಾದಗಿರಿ ಝಡ್. ಭತ್ಯೆ ಜಾಸ್ತಿ ಎಂದು ಬೆಂಗಳೂರಿಗೆ ಓಡುವ ಮೊದಲು ಅಲ್ಲಿನ ಬಾಡಿಗೆ ಒಂದು ಸಲ ವಿಚಾರಿಸಿ.

ಅಮೆರಿಕದ ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಎನ್‌ಐಎಚ್‌ನ ಬೇಸಿಗೆ ಇಂಟರ್ನ್‌ಶಿಪ್ ಭಾರತದಲ್ಲಿ ಓದುತ್ತಿರುವವರಿಗೆ ಅಲ್ಲ. ಪಿಎಚ್‌ಡಿ ಅಥವಾ ಎಂಡಿ ಮುಗಿದ ಮೇಲೆ ವಿಸಿಟಿಂಗ್ ಫೆಲೋ ಆಗಿ ಹೋಗಬಹುದು. ಅದಕ್ಕೆ ಅಲ್ಲಿನ ವಿಜ್ಞಾನಿಗೆ ನೀವೇ ಇಮೇಲ್ ಬರೆದು ಒಪ್ಪಿಸಬೇಕು. "ಎನ್‌ಐಎಚ್‌ನಲ್ಲಿ ಸೀಟ್ ಕೊಡಿಸ್ತೀನಿ" ಎಂದು ಯಾರಾದರೂ ದುಡ್ಡು ಕೇಳಿದರೆ ಚಹಾ ಕುಡಿಸಿ ಕಳಿಸಿ.

ಓದಲು ಪೇಪರ್ ಸಿಗದಿದ್ದರೆ

ಇದರಲ್ಲಿ ಎನ್‌ಐಎಚ್ ಗೆಲ್ಲುತ್ತದೆ. ಅನುಮಾನವೇ ಬೇಡ. ಅವರ ಪಬ್‌ಮೆಡ್ 1996ರಿಂದ ಇದೆ. ಹುಡುಕಲು ಲಾಗಿನ್ ಬೇಡ, ದುಡ್ಡು ಬೇಡ. ಅಲ್ಲಿ ಕಾಣುವುದು ಪೇಪರಿನ ಸಾರಾಂಶ. ಪೂರ್ತಿ ಪೇಪರ್ ಬೇಕಾದರೆ ಪಬ್‌ಮೆಡ್ ಸೆಂಟ್ರಲ್ ನೋಡಿ. ಪಠ್ಯಪುಸ್ತಕದ ಹಾಗೆ ಓದಬೇಕಾದರೆ ಬುಕ್‌ಶೆಲ್ಫ್. ರೋಗಿಗೆ ತಿಳಿಸಿ ಹೇಳಲು ಸರಳ ಮಾತು ಬೇಕಾದರೆ ಮೆಡ್‌ಲೈನ್‌ಪ್ಲಸ್. ಜೀನ್, ಪ್ರೋಟೀನ್ ಸೀಕ್ವೆನ್ಸ್‌ಗೆ ಜೆನ್‌ಬ್ಯಾಂಕ್ ಮತ್ತು ಬ್ಲಾಸ್ಟ್. ಎಂಎಸ್ಸಿ ಬಯೋಟೆಕ್ ಮಕ್ಕಳ ಅರ್ಧ ಪ್ರಾಜೆಕ್ಟ್ ಇವೆರಡರ ಮೇಲೆಯೇ ನಿಂತಿರುತ್ತದೆ.

ನಮ್ಮ ಕಡೆಯವರಿಗೆ ಮಾತ್ರ ಒಂದು ಗುಟ್ಟು. ಊರಿನ ಹೆಸರು 2014ರ ನವೆಂಬರ್ 1ಕ್ಕೆ ಬದಲಾಯಿತು. "ಕಲಬುರಗಿ" ಎಂದು ಮಾತ್ರ ಹುಡುಕಿದರೆ ಅದಕ್ಕೂ ಹಿಂದಿನ ಕೆಲಸವೆಲ್ಲ ಕೈ ತಪ್ಪುತ್ತದೆ. "ಗುಲ್ಬರ್ಗಾ" ಎಂದೂ ಹುಡುಕಿ. ಇಂಗ್ಲಿಷಿನಲ್ಲಿ ಕಲಬುರಗಿಯನ್ನೇ ಎರಡು ಮೂರು ಥರ ಬರೆಯುತ್ತಾರೆ, ಅವನ್ನೂ ಹಾಕಿ. ಯಾದಗಿರಿಗೂ ಇದೇ ಕಥೆ. "ಹೈದರಾಬಾದ್ ಕರ್ನಾಟಕ", "ಕಲ್ಯಾಣ ಕರ್ನಾಟಕ" ಎರಡನ್ನೂ ಹಾಕಿ ನೋಡಿ. ಒಬ್ಬ ಪಿಜಿ "ನಮ್ಮ ಜಿಲ್ಲೆಯಲ್ಲಿ ಈ ವಿಷಯದ ಮೇಲೆ ಏನೂ ಆಗಿಲ್ಲ" ಎಂದು ಥೀಸಿಸ್‌ನಲ್ಲಿ ಬರೆದಿದ್ದ. ಹಳೆ ಹೆಸರು ಹಾಕಿದ ಕೂಡಲೇ ಮೂರು ಪೇಪರ್ ಬಂದವು. ಅದರಲ್ಲಿ ಒಂದು ಅವನ ಗೈಡ್‌ರದೇ.

ದುಡ್ಡು ಕೊಟ್ಟು ಓದುವ ಜರ್ನಲ್‌ಗಳಿಗೆ ಈಗ ದೇಶದ ಯೋಜನೆ ಇದೆ, ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್. 2025ರ ಜನವರಿಯಿಂದ ಶುರುವಾಗಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು. ಆದರೆ ಇದು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಗುಲ್ಬರ್ಗಾ ವಿಶ್ವವಿದ್ಯಾಲಯ, ಕಲಬುರಗಿಯ ಸರ್ಕಾರಿ ಮೆಡಿಕಲ್ ಕಾಲೇಜು ಜಿಮ್ಸ್, ಬೀದರಿನ ಬ್ರಿಮ್ಸ್ ಥರದ ಕಡೆ ಓದುವವರು ನಿಮ್ಮ ಗ್ರಂಥಪಾಲಕರನ್ನು ಕೇಳಿ ಲಾಗಿನ್ ಮಾಡಿಸಿಕೊಳ್ಳಿ. ಖಾಸಗಿ ಮೆಡಿಕಲ್ ಕಾಲೇಜಿನವರಿಗೆ ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಆನ್‌ಲೈನ್ ಗ್ರಂಥಾಲಯ ಹೆಲಿನೆಟ್ ಇದೆ. ಅಲ್ಲಿಗೆ ಸೇರಿದ ಕಾಲೇಜುಗಳಿಗೆ ಅದು 2003ರಿಂದಲೇ ಇದೆ. ಆದರೂ ಅದರ ಪಾಸ್‌ವರ್ಡ್ ಗೊತ್ತಿಲ್ಲದೆ ಐದು ವರ್ಷ ಕಳೆದವರನ್ನು ನಾನು ನೋಡಿದ್ದೇನೆ. ಲೈಬ್ರರಿಯನ್ ಹತ್ತಿರ ಹೋಗಿ, "ಸರ, ಪಾಸ್‌ವರ್ಡ್ ಕೊಡ್ರಿ" ಅನ್ನಿ. ಅಷ್ಟೇ ಕೆಲಸ.

ಲ್ಯಾಬ್, ಗೈಡ್ ಇಲ್ಲದಿದ್ದರೆ: ಯಾವ ಊರಿಗೆ ಹೋಗುವುದು?

ಇದು ದೊಡ್ಡ ಪ್ರಶ್ನೆ. ಇಲ್ಲಿ ವಿಷಯ ನೋಡಿ ಊರು ಆರಿಸಬೇಕು, ಊರು ನೋಡಿ ವಿಷಯ ಅಲ್ಲ.

ನಮಗೆ ಎಲ್ಲಕ್ಕಿಂತ ಹತ್ತಿರ ಹೈದರಾಬಾದ್. ಬೆಳಿಗ್ಗೆ ರೈಲು ಹತ್ತಿ ವಾಡಿ, ಸೇಡಂ, ತಾಂಡೂರು ದಾಟಿದರೆ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು. ಅಲ್ಲಿ ತಾರ್ನಾಕಾದಲ್ಲಿ ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ, ಎನ್‌ಐಎನ್. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ಕಾಯಿಲೆಯ ವಿಚಾರಣೆಯಾಗಿ ಶುರುವಾದದ್ದು 1958ರಲ್ಲಿ ಹೈದರಾಬಾದಿಗೆ ಬಂತು. ಆಹಾರ, ರಕ್ತಹೀನತೆ, ಮಕ್ಕಳ ಬೆಳವಣಿಗೆ ಇವು ನಿಮ್ಮ ವಿಷಯವಾದರೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅಪ್ಲೈಡ್ ನ್ಯೂಟ್ರಿಷನ್‌ನಲ್ಲಿ ಎಂಎಸ್ಸಿ ಇದೆ, ಚಿಕ್ಕ ತರಬೇತಿಗಳೂ ಇವೆ. ಹೋಗಲು ಆಗದಿದ್ದರೂ ಅವರ 2017ರ ಆಹಾರ ಸಂಯೋಜನೆ ಕೋಷ್ಟಕ ಇಟ್ಟುಕೊಳ್ಳಿ. 528 ಆಹಾರಗಳಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅಳೆದು ಬರೆದಿದ್ದಾರೆ. ಜೋಳದ ರೊಟ್ಟಿ, ತೊಗರಿ ಬೇಳೆ ತಿನ್ನುವ ಊರಿನಲ್ಲಿ ಆಹಾರ ಸಮೀಕ್ಷೆ ಮಾಡುವವರು ಅಮೆರಿಕದ ಕೋಷ್ಟಕ ಹಿಡಿದು ಕೂತರೆ ಲೆಕ್ಕ ತಪ್ಪುತ್ತದೆ.

ಚೆನ್ನೈನ ಎನ್‌ಐಇ ಆಗಲೇ ಬಂತು. ಆನ್‌ಲೈನ್ ಕೋರ್ಸ್ ಅಲ್ಲದೆ ಎರಡು ವರ್ಷದ ಎಂಪಿಎಚ್, ಅಂದರೆ ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ ಅಲ್ಲಿದೆ. ಡೆಂಗಿ ಎದ್ದಾಗ ಹಳ್ಳಿಗೆ ಹೋಗಿ ಯಾಕೆ ಎದ್ದಿತು ಎಂದು ಹುಡುಕುವ ಕೆಲಸ ಇಷ್ಟವಿದ್ದರೆ ಅದು ನಿಮ್ಮ ಜಾಗ. ತಾಲ್ಲೂಕು ಆರೋಗ್ಯಾಧಿಕಾರಿ ಆಗಬೇಕೆನ್ನುವ ಸರ್ಕಾರಿ ವೈದ್ಯರಿಗೆ ನಾನು ಇದನ್ನೇ ಹೇಳುತ್ತೇನೆ.

ಬೆಳಗಾವಿಯಲ್ಲಿ ಇರುವುದು ರಾಷ್ಟ್ರೀಯ ಪಾರಂಪರಿಕ ವೈದ್ಯಕೀಯ ಸಂಸ್ಥೆ. ಔಷಧಿ ಗಿಡ, ನಾಟಿ ವೈದ್ಯ, ಆಯುರ್ವೇದದ ವಿಷಯವಾದರೆ ಅಲ್ಲಿಗೆ. ಬೀದರ್, ಹುಮನಾಬಾದ್ ಕಡೆಯ ಆಯುರ್ವೇದ ಮತ್ತು ಫಾರ್ಮಸಿ ಮಕ್ಕಳು ಇದನ್ನು ಮರೆತೇಬಿಟ್ಟಿರುತ್ತಾರೆ. ದಾರಿ ದೂರ, ವಿಜಯಪುರದ ಮೇಲೆ ಬಸ್ಸಿನಲ್ಲಿ ಬೆನ್ನು ಹಿಡಿದುಕೊಳ್ಳುತ್ತದೆ. ಆದರೆ ನಮ್ಮದೇ ರಾಜ್ಯ, ಮಾತಿಗೆ ಕನ್ನಡ ಸಿಗುತ್ತದೆ.

ಬೆಂಗಳೂರಿನಲ್ಲಿ ವಿಮಾನ ನಿಲ್ದಾಣದ ಕಡೆ ಕನ್ನಮಂಗಲದಲ್ಲಿ ಐಸಿಎಂಆರ್‌ನ ಆವರಣ ಇದೆ. ಕ್ಯಾನ್ಸರ್ ನೋಂದಣಿಯ ಲೆಕ್ಕವೆಲ್ಲ ಕೂಡುವ ಎನ್‌ಸಿಡಿಐಆರ್ ಅಲ್ಲಿಯೇ. ಅದೇ ಆವರಣದಲ್ಲಿ ಔದ್ಯೋಗಿಕ ಆರೋಗ್ಯ ಕೇಂದ್ರವೂ ಇದೆ. ದುಡಿಯುವ ಜಾಗದಿಂದ ಬರುವ ಕಾಯಿಲೆಗಳು ಅವರ ಕೆಲಸ. ಈ ಕೇಂದ್ರದ ಹೆಸರು ಆ ಹುಡುಗಿಯ ಪಟ್ಟಿಯಲ್ಲಿ ಇರಲಿಲ್ಲ. ಅವಳಿಗೆ ಎಲ್ಲಕ್ಕಿಂತ ಬೇಕಾಗಿದ್ದದ್ದು ಅದೇ.

ಯಾಕೆ ಅಂತೀರಾ? ಅವಳ ಅಪ್ಪ ಕಲ್ಲಿನ ಗಣಿಯಲ್ಲಿ ಕೆಲಸ ಮಾಡಿದವರು. ಶಹಾಬಾದ್ ಕಲ್ಲು ಇಲ್ಲದ ಅಂಗಳ ನಮ್ಮ ಕಡೆ ಯಾವುದಿದೆ? ಆ ಕಲ್ಲು ಕತ್ತರಿಸುವಾಗ ಏಳುವ ದೂಳು ಪುಪ್ಪುಸಕ್ಕೆ ಏನು ಮಾಡುತ್ತದೆ ಎಂದು ಅವಳಿಗೆ ತಿಳಿಯಬೇಕಿತ್ತು. ಮೂರು ಸಲ ಪಟ್ಟಿ ಓದಿದ ಮೇಲೆ ಈ ಮಾತು ಹೊರಗೆ ಬಂತು.

ಊರಲ್ಲೇ ಸಿಗುವ ನೆರವು

2020ರ ಮಾರ್ಚ್ ಯಾರಿಗೆ ನೆನಪಿಲ್ಲ? ದೇಶದ ಮೊದಲ ಕೊರೊನಾ ಸಾವು ನಮ್ಮ ಊರಿನದು. ಅವತ್ತು ಗಂಟಲ ದ್ರವದ ಫಲಿತಾಂಶಕ್ಕೆ ಬೆಂಗಳೂರಿನ ಕಡೆ ನೋಡಬೇಕಿತ್ತು. ಆಮೇಲೆ ಜಿಮ್ಸ್‌ನಲ್ಲಿಯೇ ಪರೀಕ್ಷೆ ಶುರುವಾಯಿತು. ಲ್ಯಾಬ್ ಊರಲ್ಲಿರುವುದಕ್ಕೂ 600 ಕಿಲೋಮೀಟರ್ ಆಚೆ ಇರುವುದಕ್ಕೂ ಏನು ವ್ಯತ್ಯಾಸ ಎಂದು ಆ ತಿಂಗಳು ಎಲ್ಲರಿಗೂ ಗೊತ್ತಾಯಿತು. ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆ ಮೆಡಿಕಲ್ ಕಾಲೇಜುಗಳಲ್ಲಿ ವೈರಾಣು ಲ್ಯಾಬ್‌ಗಳಿಗೆ, ಎಂಆರ್‌ಯು ಎಂಬ ಸಂಶೋಧನಾ ಘಟಕಗಳಿಗೆ ನೆರವು ಕೊಡುತ್ತದೆ. ಹೊರಗಿನ ಊರಿಗೆ ಹೊರಡುವ ಮೊದಲು ನಿಮ್ಮ ಕಾಲೇಜಿನಲ್ಲಿ, ಪಕ್ಕದ ಕಾಲೇಜಿನಲ್ಲಿ ಇವು ಇವೆಯೇ ಎಂದು ಕೇಳಿ.

ಎಥಿಕ್ಸ್ ಕಮಿಟಿಯ ಬಗ್ಗೆ ಇನ್ನೊಂದು ಮಾತು. ಅದು ನೋಂದಣಿ ಆಗಿದೆಯೇ ನೋಡಿ. ಹೊಸ ಔಷಧಿಯ ಟ್ರಯಲ್ ಆದರೆ ಕಮಿಟಿ ಸಿಡಿಎಸ್‌ಸಿಒದಲ್ಲಿ ನೋಂದಣಿ ಆಗಿರಬೇಕು. ಉಳಿದ ಆರೋಗ್ಯ ಸಂಶೋಧನೆಗೆ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ. 2019ರ ನಿಯಮಗಳಿಂದ ಹೀಗಿದೆ. ಎರಡನ್ನೂ ಒಂದೇ ಎಂದುಕೊಂಡು ಕೊನೆಗೆ ಪೇಚಾಡುವವರು ಇದ್ದಾರೆ.

ಪಿಜಿಗಳು ಥೀಸಿಸ್‌ನಲ್ಲಿ ಎರಡು ಔಷಧಿ ಹೋಲಿಸುತ್ತಿದ್ದರೆ ಸಿಟಿಆರ್‌ಐ, ಅಂದರೆ ದೇಶದ ಕ್ಲಿನಿಕಲ್ ಟ್ರಯಲ್‌ಗಳ ದಾಖಲೆಯಲ್ಲಿ ನೋಂದಣಿ ಬೇಕೇ ಬೇಕು. ಐಸಿಎಂಆರ್ ನಡೆಸುವ ಈ ದಾಖಲೆ 2007ರಲ್ಲಿ ಶುರುವಾಯಿತು. ಶುಲ್ಕ ಇಲ್ಲ. 2018ರ ಏಪ್ರಿಲ್‌ನಿಂದ ಮೊದಲ ರೋಗಿಯನ್ನು ಸೇರಿಸುವ ಮೊದಲೇ ನೋಂದಣಿ ಆಗಿರಬೇಕು, ಆಮೇಲೆ ಮಾಡಿಕೊಡುವುದಿಲ್ಲ. ಅವರು ಪ್ರಶ್ನೆ ಕೇಳುತ್ತಾರೆ, ನೀವು ಉತ್ತರ ಕೊಡುತ್ತೀರಿ, ಮತ್ತೆ ಪ್ರಶ್ನೆ ಬರುತ್ತದೆ. ವಾರಗಳೇ ಹಿಡಿಯಬಹುದು. ಎನ್‌ಐಎಚ್‌ನ ಕ್ಲಿನಿಕಲ್‌ಟ್ರಯಲ್ಸ್ ತಾಣದಲ್ಲಿ ನೋಂದಣಿ ಸುಲಭ ಎಂದು ಕೆಲವರು ಅಲ್ಲಿಗೆ ಹೋಗುತ್ತಾರೆ. ಇಲ್ಲಿನ ಟ್ರಯಲ್‌ಗೆ ಸಿಟಿಆರ್‌ಐ ಮೊದಲು. ಅಮೆರಿಕದ್ದು ಬೇರೆಯವರು ಏನು ಮಾಡುತ್ತಿದ್ದಾರೆ ಎಂದು ನೋಡಲು ಚೆನ್ನಾಗಿದೆ.

ಸ್ಟ್ಯಾಟಿಸ್ಟಿಕ್ಸ್‌ಗೆ ಪೇಟೆಯಲ್ಲಿ ದುಡ್ಡು ಕೊಡುವ ಮೊದಲು ನಿಮ್ಮ ಕಮ್ಯುನಿಟಿ ಮೆಡಿಸಿನ್ ವಿಭಾಗದ ಸ್ಟ್ಯಾಟಿಸ್ಟಿಷಿಯನ್‌ರನ್ನು ಕಾಣಿ. ಡೇಟಾ ಕೂಡಿಸಿದ ಮೇಲಲ್ಲ, ಮೊದಲೇ. ಸ್ಯಾಂಪಲ್ ಸೈಜ್‌ಗೆ ಓಪನ್‌ಎಪಿ, ಲೆಕ್ಕಕ್ಕೆ ಜಮೋವಿ, ಎರಡೂ ಪುಕ್ಕಟೆ.

ಶಹಾಬಾದಿನ ಹುಡುಗಿ ಏನು ಆರಿಸಿದಳು ಎಂದು ಕೇಳುತ್ತೀರಿ. ಅವಳಿಗೆ ರೊಕ್ಕಕ್ಕಿಂತ ಮೊದಲು ಬೇಕಾಗಿದ್ದದ್ದು ಸಂಶೋಧನೆ ಮಾಡುವ ರೀತಿ. ಹಾಗಾಗಿ ಪಿಜಿಗಳ ಬಿಸಿಬಿಆರ್ ಪಾಠಗಳನ್ನು ಈಗಲೇ ನೋಡಲು ಶುರು ಮಾಡಿದ್ದಾಳೆ. ಉಸಿರಾಟದ ವಿಭಾಗದ ಮೇಡಂ ಒಬ್ಬರು ಗೈಡ್ ಆಗಲು ಒಪ್ಪಿದ್ದಾರೆ. ಪ್ರಶ್ನೆ ಚಿಕ್ಕದಾಗಿದೆ: ಆಸ್ಪತ್ರೆಗೆ ಬರುವ ಕಲ್ಲು ಕೆಲಸದವರಲ್ಲಿ ಎಷ್ಟು ಜನ ಮುಖಕ್ಕೆ ಬಟ್ಟೆಯಾದರೂ ಕಟ್ಟಿಕೊಳ್ಳುತ್ತಾರೆ? ಪ್ರಶ್ನಾವಳಿ ಕನ್ನಡದಲ್ಲಿದೆ, ದಖ್ಖನಿ ಉರ್ದುವಿನಲ್ಲೂ ಇದೆ. ಬೆಂಗಳೂರಿನ ಕೇಂದ್ರಕ್ಕೆ ಹೋಗುವುದು ಇಂಟರ್ನ್‌ಶಿಪ್ ಮುಗಿದ ಮೇಲೆ ಎಂದು ಇಟ್ಟುಕೊಂಡಿದ್ದಾಳೆ. ಎಸ್‌ಟಿಎಸ್ ಈ ವರ್ಷ ಹಾಕುತ್ತಾಳೋ ಮುಂದಿನ ವರ್ಷವೋ, ಅದು ಎಥಿಕ್ಸ್ ಕಮಿಟಿಯ ಸಭೆ ಯಾವತ್ತು ಎಂಬುದರ ಮೇಲೆ. ನಿನ್ನೆ ಫೋನ್ ಮಾಡಿ ಅದನ್ನೇ ಕೇಳುತ್ತಿದ್ದಳು.